ಮಾವ ಟೆರೇಸಿನಿಂದ ಇಳಿದ ವರ್ಷ

ಮಾರೇನಹಳ್ಳಿಯಲ್ಲಿ ಗಾಣದ ಎಣ್ಣೆಯ ಅಂಗಡಿಯೊಂದು ಹೊಸದಾಗಿ ಶುರುವಾಗಿದೆ. ಕಳೆದ ವಾರ ಕಡಲೆಕಾಯಿ ಎಣ್ಣೆ ತರಲು ಹೋಗಿದ್ದೆ. ನನ್ನ ಮುಂದೆ ನಿಂತಿದ್ದವರು ಹರಳೆಣ್ಣೆ ಕೇಳಿದರು, ಅಂಗಡಿಯವನು ಡಬ್ಬದ ಮುಚ್ಚಳ ತೆಗೆದ. ಆ ಮಂದವಾದ, ಸ್ವಲ್ಪ ಕಮಟಾದ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಅಂಗಡಿಯವನು ಎರಡನೆಯ ಸಲ ಏನು ಬೇಕೆಂದು ಕೇಳಿದಾಗ ಬಂದ ಕೆಲಸವೇ ಮರೆತುಹೋಗಿ, ನನಗೂ ಹರಳೆಣ್ಣೆಯನ್ನೇ ಕೊಡಿ ಎಂದೆ. ಮನೆಗೆ ಬಂದ ಮೇಲೆ ಒಗ್ಗರಣೆಗೆ ಎಣ್ಣೆ ಇಲ್ಲದೆ ಬೈಸಿಕೊಂಡದ್ದು ಬೇರೆ ಮಾತು.

ಹರಳೆಣ್ಣೆಯ ವಾಸನೆ ಯಾರಿಗೂ ಪ್ರಿಯವಾದದ್ದಲ್ಲ. ಆದರೆ ಬೇರೆಯವರಿಗೆ ಕೊರೊನಾ ಎಂದರೆ ಸ್ಯಾನಿಟೈಸರ್, ಮೆಣಸಿನ ಕಷಾಯ, ಕರ್ಪೂರ ನೆನಪಾದರೆ ನನಗೆ ನೆನಪಾಗುವುದು ಇದೇ.

ನಮ್ಮ ಮನೆ ಮಾಗಡಿ ರಸ್ತೆಯಿಂದ ಎರಡು ತಿರುವು ಒಳಗೆ. ಒಂದು ಪಕ್ಕಕ್ಕೆ ತಗಡು ಒತ್ತುವ ಪವರ್ ಪ್ರೆಸ್ ಶೆಡ್ಡು, ಇನ್ನೊಂದು ಪಕ್ಕಕ್ಕೆ ಲೇತ್ ಮೆಷಿನ್ನು. ಮದುವೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನನ್ನ ತಲೆ ಸಿಡಿಯುತ್ತಿತ್ತು. ಆಮೇಲೆ ಎಷ್ಟು ಒಗ್ಗಿಹೋಯಿತೆಂದರೆ ಸದ್ದು ನಿಂತರೆ ಏನೋ ಆಗಿದೆ ಅನ್ನಿಸುತ್ತಿತ್ತು. ಆ ಮಾರ್ಚಿನಲ್ಲಿ ಎಲ್ಲವೂ ಒಟ್ಟಿಗೆ ನಿಂತಿತು. ಶೆಡ್ಡುಗಳ ಷಟರ್ ಇಳಿದವು. ನನ್ನ ಗಂಡ ಶಿವು ಕಟಿಂಗ್ ಮಾಸ್ಟರ್ ಆಗಿದ್ದ ಗಾರ್ಮೆಂಟ್ಸು ಮುಚ್ಚಿತು. ನಾನು ಕನ್ನಡ ಪಾಠ ಮಾಡುವ, ಮಗಳು ಸಿರಿ ಎರಡನೆಯ ತರಗತಿ ಓದುವ ಶಾಲೆಯೂ ಮುಚ್ಚಿತು. ಮನೆಯಿಂದ ಹೊರಗೆ ಹೋಗುತ್ತಿದ್ದವರು ನಮ್ಮ ಮಾವ ಒಬ್ಬರೇ. ಅವರು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ರೋಗ ಬರಲಿ, ಪ್ರಳಯವೇ ಬರಲಿ, ಕರೆಂಟ್ ಹೋದರೆ ಜನ ಮೊದಲು ಬೈಯುವುದು ಲೈನ್‌ಮನ್ನನ್ನೇ.

ಅತ್ತೆ ಜಯಮ್ಮನವರದು ಮುಟ್ಟಿ ಮಾತಾಡಿಸುವ ಸ್ವಭಾವ. ಸೊಪ್ಪಿನವಳ ಭುಜ ತಟ್ಟದೆ ಅವರಿಗೆ ಒಂದು ಕಂತೆ ಸೊಪ್ಪು ಆರಿಸಲು ಬರುತ್ತಿರಲಿಲ್ಲ. ಮಾವ ಕಂಬ ಹತ್ತಿಳಿದು ಮನೆಗೆ ಬಂದರೆ ಬಾಗಿಲಲ್ಲೇ ಅವರ ಎರಡೂ ಕೈ ಹಿಡಿದು, ಅಂಗೈ ಹಿಂಗೈ ತಿರುಗಿಸಿ ನೋಡುತ್ತಿದ್ದರು, ಎಲ್ಲಾದರೂ ಸುಟ್ಟಿದೆಯೇ ಎಂದು. ಮದುವೆಯಾದ ಮೊದಲ ವರ್ಷ ಮಾವನಿಗೆ ಒಮ್ಮೆ ಶಾಕ್ ಹೊಡೆದಿತ್ತಂತೆ, ಅಂದಿನಿಂದ ಬಂದ ಅಭ್ಯಾಸ. ನಾನು ಬಂದ ಹೊಸದರಲ್ಲಿ ಇದನ್ನು ನೋಡಿ ನಗುತ್ತಿದ್ದೆ. ಶಾಲೆಯಲ್ಲಿ ಉಗುರು ನೋಡುವ ಟೀಚರಂತೆ ಕಾಣುತ್ತಿದ್ದರು.

ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ಸಣ್ಣ ಶೀಟಿನ ರೂಮಿತ್ತು. ದೀಪಾವಳಿಗೆ ಮಾತ್ರ ಕೆಳಗಿಳಿಯುವ ತಾಮ್ರದ ಹಂಡೆ, ಹಳೆಯ ಟ್ರಂಕು, ಮುರಿದ ಮಂಚ ಅಲ್ಲಿದ್ದವು. ಲಾಕ್‌ಡೌನ್ ಆದ ವಾರವೇ ಮಾವ ಅಲ್ಲಿಗೆ ಹಾಸಿಗೆ ಸಾಗಿಸಿದರು. ಊರೆಲ್ಲ ಸುತ್ತಿ ಬರುವವನು ನಾನು, ಮನೆಯಲ್ಲಿ ಮಗು ಇದೆ, ಸ್ವಲ್ಪ ದಿನ ಮೇಲೆ ಇರುತ್ತೇನೆ ಎಂದರು. ಕೆಲಸಕ್ಕೆ ಹೋಗಿ ಬರಲು ಮನೆಯ ಹಿಂದಿನ ಕಬ್ಬಿಣದ ಏಣಿ ಇತ್ತು. ಅವರಾಗಿಯೇ ಹೇಳಿದ ಮಾತು ಅದು, ಬುದ್ಧಿವಂತರ ಮಾತೂ ಹೌದು. ಊಟಕ್ಕೆ ಒಂದು ವೈರ್ ಬ್ಯಾಗಿಗೆ ಹಗ್ಗ ಕಟ್ಟಿದೆವು. ಕೆಳಗಿನಿಂದ ಸಿರಿ ಡಬ್ಬಿ ಇಟ್ಟು ಕೂಗುವಳು, ಮೇಲಿನಿಂದ ತಾತ ಸೇದಿಕೊಳ್ಳುವರು. ಬಾವಿಯಿಂದ ನೀರು ಸೇದಿದ ಹಾಗೆ ಮುದ್ದೆ ಸೇದುತ್ತಿದ್ದೀನಿ ಎಂದು ಮಾವ ಬೀದಿಯವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಆಗ ಎಲ್ಲರೂ ತೊಳೆಯುತ್ತಿದ್ದರು. ಹಾಲಿನ ಪ್ಯಾಕೆಟ್ ತೊಳೆದೆವು, ಬಾಳೆಹಣ್ಣು ತೊಳೆದೆವು, ನೋಟನ್ನು ಬಿಸಿಲಿಗೆ ಹಾಕಿದೆವು. ಅತ್ತೆ ನಮಗಿಂತ ಒಂದು ಕೈ ಹೆಚ್ಚು. ಗೇಟಿನ ಚಿಲಕ, ಸ್ವಿಚ್ಚು, ಕೊತ್ತಂಬರಿ ಸೊಪ್ಪಿನ ಒಂದೊಂದು ಕಡ್ಡಿ. ಎದುರು ಮನೆಯ ಸಾವಿತ್ರಮ್ಮ ಇದನ್ನೆಲ್ಲ ವಿಡಿಯೊ ಮಾಡಿ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ, ಜಯಮ್ಮನ್ನ ನೋಡಿ ಕಲೀರಿ ಎಂದು ಬರೆದರು. ಕೈಮುಗಿಯುವ ಗುರುತುಗಳು ಸಾಲುಸಾಲಾಗಿ ಬಂದವು. ಬೀದಿಯವರು ಅತ್ತೆಯನ್ನು ಹೊಗಳಿ ಅಟ್ಟಕ್ಕೇರಿಸಿದರು. ನಿಜವಾಗಿ ಅಟ್ಟ ಹತ್ತಿ ಕೂತದ್ದು ಮಾತ್ರ ಮಾವ.

ಆ ಹೊಗಳಿಕೆಯೇ ನಮ್ಮ ಕಣ್ಣು ಕಟ್ಟಿತು ಎಂದು ಈಗ ಅನ್ನಿಸುತ್ತದೆ. ಹೆಂಗಸು ಮನೆ ತೊಳೆದಷ್ಟೂ ಒಳ್ಳೆಯವಳು ಎಂದು ನಂಬಿರುವ ಜನ ನಾವು. ತೊಳೆಯುವುದು ಕಾಯಿಲೆಯಾಗಬಹುದು ಎಂದು ಯಾರಿಗೆ ಹೊಳೆದೀತು? ಕುಡಿತ ಹೆಚ್ಚಾದರೆ ಬೀದಿಗೆಲ್ಲ ಗೊತ್ತಾಗುತ್ತದೆ. ತೊಳೆತ ಹೆಚ್ಚಾದರೆ ಪ್ರಶಸ್ತಿ ಸಿಗುತ್ತದೆ.

ಜೂನ್ ಹೊತ್ತಿಗೆ ಊರು ಕಣ್ಣು ಬಿಟ್ಟಿತು. ಬಸ್ಸು ಓಡಿದವು, ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸಿನ ಸದ್ದು ಮತ್ತೆ ಶುರುವಾಯಿತು, ಶಿವು ಕೆಲಸಕ್ಕೆ ಹೋದ. ಶಿವು ಗೇಟಿನ ಬಳಿಯೇ ಸ್ನಾನ ಮಾಡಿ ಒಳಗೆ ಬರಬಹುದಿತ್ತು. ಮಾವ ಮಾತ್ರ ಇಳಿಯುವಂತಿರಲಿಲ್ಲ. ಅವರು ನೂರು ಮನೆಯ ಮೀಟರ್ ಮುಟ್ಟುವವರು ಎಂಬುದು ಅತ್ತೆಯ ಲೆಕ್ಕ. ಮಾವ ಭಾನುವಾರ ಭಾನುವಾರ ಮೆಟ್ಟಿಲ ತುದಿಗೆ ಬಂದು ಇಳಿಯಲೇ ಎಂದು ಕೇಳುವುದು, ಅತ್ತೆ ಇನ್ನೊಂದು ವಾರ ಹೋಗಲಿ ಎನ್ನುವುದು ನಡೆದೇ ಇತ್ತು. ಹೈ ಟೆನ್ಷನ್ ತಂತಿಗೆ ಹೆದರದ ಮನುಷ್ಯ ಹೆಂಡತಿಯ ಎದುರು ವಾದಿಸಲಿಲ್ಲ. ಅವಳು ನೆಮ್ಮದಿಯಾಗಿದ್ದರೆ ಸಾಕು ಬಿಡು ಎಂದು ಶಿವುಗೆ ಹೇಳಿದರು.

ಅತ್ತೆ ನೆಮ್ಮದಿಯಾಗಿರಲಿಲ್ಲ. ಬೆಳಗಿನಿಂದ ನಲ್ಲಿಯ ಮುಂದೆ ನಿಂತಿರುತ್ತಿದ್ದರು. ಬೆರಳ ಸಂದಿ ಬಿಳಿಚಿ, ಅಂಗೈ ಬಿರಿದು, ರಕ್ತ ಜಿನುಗುತ್ತಿತ್ತು. ಸಂಪಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಯಾರು ಎದುರಿಗೆ ಬಂದರೂ ಒಂದೇ ಪ್ರಶ್ನೆ, "ಕೈ ತೊಳೆದ್ಯಾ?" ತೊಳೆದೆ ಎಂದರೆ ಸರಿ. ಎರಡು ಹೆಜ್ಜೆ ಹೋಗಿ ತಿರುಗಿ ಮತ್ತೆ ಅದೇ ಪ್ರಶ್ನೆ. ಜಗಳ ಬೇಡವೆಂದು ನಾವು ಮತ್ತೆ ತೊಳೆದೆ ಎನ್ನುತ್ತಿದ್ದೆವು, ಅವರ ಸಮಾಧಾನಕ್ಕೆ ಎದುರಿಗೆ ನಿಂತು ಇನ್ನೊಮ್ಮೆ ತೊಳೆಯುತ್ತಿದ್ದೆವು. ಹೊರಗಿನದು ಮುಟ್ಟಬಾರದು ಎಂದು ಮೊದಲು ಬಾಗಿಲಲ್ಲಿ ಹಾಕಿದ್ದ ಗಡಿ ಅಡುಗೆಮನೆಗೆ ಬಂತು, ಅಲ್ಲಿಂದ ಹಾಸಿಗೆಗೆ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಕಾಯುತ್ತಿದ್ದರು. ಸಿರಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ನಿಂತಿತು. ತಲೆ ಬಾಚುವುದು ನಿಂತಿತು.

ನನಗೆ ಸಿಟ್ಟು ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಮೊಬೈಲಿನಲ್ಲಿ ಆನ್‌ಲೈನ್ ಪಾಠ ಮಾಡುತ್ತಿದ್ದರೆ ಹಿಂದಿನಿಂದ ನಲ್ಲಿಯ ಸದ್ದು. ಮಿಸ್, ನಿಮ್ಮನೇಲಿ ಮಳೆನಾ ಎಂದು ಮಕ್ಕಳು ಕೇಳುತ್ತಿದ್ದರು. ಕೆಲವು ಸಂಜೆ ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಹೋಗಿ ಕೂರುತ್ತಿದ್ದೆ. ಎಲ್ಲಿಗೂ ಹೋಗುತ್ತಿರಲಿಲ್ಲ, ಕೀ ಕೂಡ ಒಯ್ಯುತ್ತಿರಲಿಲ್ಲ. ಯಾರೂ ಏನೂ ಕೇಳದ ಜಾಗ ಅದೊಂದೇ ಇತ್ತು.

ಕೆಂಗೇರಿಯಿಂದ ಮಾವನ ಅಕ್ಕ ಫೋನ್ ಮಾಡಿ, ಬೀದಿಯವರ ಕಣ್ಣು ಬಿದ್ದಿದೆ, ದೃಷ್ಟಿ ತೆಗೀರಿ ಎಂದರು. ಆಗಬಹುದು ಎಂದು ಹೊರಟೆವು. ನಿವಾಳಿಸಲು ತಂದ ಒಣಮೆಣಸಿನಕಾಯಿಯನ್ನು ಅತ್ತೆ ಸೋಪಿನ ನೀರಿನಲ್ಲಿ ತೊಳೆದ ಮೇಲೆಯೇ ಒಪ್ಪಿದರು. ಉಪ್ಪು ತೊಳೆಯಲು ಬರುವುದಿಲ್ಲ ಎಂದು ಅದನ್ನು ಬಿಟ್ಟರು. ಒದ್ದೆ ಮೆಣಸಿನಕಾಯಿ ಕೆಂಡದ ಮೇಲೆ ಚಟಪಟ ಎನ್ನದೆ ಬರೀ ಹೊಗೆಯಾಡಿತು. ಅಂದು ನಾವು ಮೂವರೂ ಬಿದ್ದು ಬಿದ್ದು ನಕ್ಕೆವು, ಅತ್ತೆ ಕೂಡ. ನಗುತ್ತಲೇ ಎದ್ದು ಹೋಗಿ ನಲ್ಲಿ ತಿರುಗಿಸಿದರು.

ನಗು ಒಣಗಿದ್ದು ಒಂದು ಮಧ್ಯಾಹ್ನ. ಸಿರಿ ಬಂದು ನನ್ನ ಮುಂದೆ ನಿಂತಳು. ಸುಮ್ಮನೆ ತೊಡೆಯ ಮೇಲೆ ಬಿದ್ದುಕೊಳ್ಳುವ ಮಗು, ಕೈ ಹಿಂದೆ ಕಟ್ಟಿಕೊಂಡು ಕೇಳಿದಳು, "ಅಮ್ಮ, ನಾನು ಕ್ಲೀನಾ? ಕೂತ್ಕೋಬೋದಾ?" ವೈರಸ್ ನಮ್ಮ ಮನೆಗೆ ಬಂದಿರಲಿಲ್ಲ. ಬೇರೆ ಏನೋ ಬಂದು ಕೂತು ಎಲ್ಲರಿಗೂ ಹರಡುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಜೋರು ಮಳೆ ಹಿಡಿಯಿತು. ಶೀಟಿನ ರೂಮು ಸೋರಿತು. ಒಂದು ದಿನ ಮಧ್ಯಾಹ್ನ ವೈರ್ ಬ್ಯಾಗು ಊಟದ ಡಬ್ಬಿ ತೆರೆಯದೆ ಹಾಗೇ ಕೆಳಗೆ ಬಂತು. ಶಿವು ಮಾಸ್ಕ್ ಹಾಕಿಕೊಂಡು ಓಡಿದ. ಮಾವನಿಗೆ ಜ್ವರ, ಕೆಂಡದಂತೆ ಮೈ. ಟೆಸ್ಟ್ ಮಾಡಿಸಿದೆವು, ಕೊರೊನಾ ಅಲ್ಲ, ಮಳೆಯಲ್ಲಿ ಕಂಬ ಹತ್ತಿ ಬಂದ ನೆಗಡಿ ಜ್ವರ ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ಏನೂ ಗೊತ್ತಿರಲಿಲ್ಲ. ನಾನು ಗಂಜಿ ಹಿಡಿದು ಮೆಟ್ಟಿಲ ಬಳಿ ಬಂದರೆ ಅತ್ತೆ ಅಲ್ಲಿ ನಿಂತಿದ್ದರು. ಒಂದು ಕಾಲು ಮೊದಲ ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ, ಸೆರಗೆಲ್ಲ ಇರಚಲಿಗೆ ತೊಯ್ದಿತ್ತು.

"ಕಾಲು ಏಳ್ತಾ ಇಲ್ಲ ಕಣೇ," ಎಂದರು. "ಅವ್ರು ಮೇಲೆ ನರಳ್ತಾ ಇದಾರೆ. ನಂಗೆ ಹತ್ತಕ್ಕೆ ಆಗ್ತಾ ಇಲ್ಲ. ಇದು ಸರಿಯಿಲ್ಲ ಅಂತ ನಂಗೇ ಗೊತ್ತು. ನಿಲ್ಸಕ್ಕೆ ಬರ್ತಾ ಇಲ್ಲ."

ಅಷ್ಟು ತಿಂಗಳು ನಾನು ಅವರದು ಹಟ ಎಂದುಕೊಂಡಿದ್ದೆ. ಹಟವಾಗಿದ್ದರೆ ಆ ಮುಖದಲ್ಲಿ ಅಷ್ಟು ನಾಚಿಕೆ ಇರುತ್ತಿರಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಮನಸ್ಸಿನ ಡಾಕ್ಟರ ನಂಬರನ್ನು ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಕೊಟ್ಟರು. ಶಿವು ಮೊದಲು ಬೇಡವೆಂದ. ನಮ್ಮಮ್ಮನಿಗೆ ಹುಚ್ಚಾ ಎಂದು ರೇಗಿದ. ಆಸ್ಪತ್ರೆಗೆ ಬರಲು ಅತ್ತೆಯೂ ಒಪ್ಪುವವರಲ್ಲ, ಅಲ್ಲಿಯ ಕುರ್ಚಿ ಯಾರು ಮುಟ್ಟಿರುತ್ತಾರೋ. ಕೊನೆಗೆ ಆ ಡಾಕ್ಟರಮ್ಮ ಫೋನಿನ ವಿಡಿಯೊದಲ್ಲೇ ನೋಡಿದರು. ತುಂಬ ಹೊತ್ತು ಅತ್ತೆಯ ಹತ್ತಿರ ಒಬ್ಬರೇ ಮಾತಾಡಿದರು, ಆಮೇಲೆ ನಮ್ಮನ್ನು ಕರೆದರು. ಇದಕ್ಕೆ ಹೆಸರಿದೆ, ಔಷಧಿ ಇದೆ, ಇದು ಅವರ ತಪ್ಪಲ್ಲ ಎಂದರು. ಮಾತ್ರೆ ಬರೆದರು, ಅದು ಹತ್ತಲು ಕೆಲವು ವಾರ ಬೇಕು, ನಡುವೆ ನಿಲ್ಲಿಸಬೇಡಿ ಎಂದರು. ಆಮೇಲೆ ನಮ್ಮ ಸರದಿ. ಅವರು ಕೇಳಿದಾಗಲೆಲ್ಲ ನೀವು ತೊಳೆದೆ ತೊಳೆದೆ ಅನ್ನುತ್ತೀರಲ್ಲ, ಅದು ಅವರಿಗೆ ಮಾಡುವ ಸಹಾಯವಲ್ಲ ಎಂದರು.

"ನೀವು ಸಹಾಯ ಮಾಡ್ತಾ ಇರೋದು ಅವ್ರ ಭಯಕ್ಕೆ. ಬೈಬೇಡಿ, ಬಲವಂತ ಮಾಡ್ಬೇಡಿ. ಆದ್ರೆ ಒಂದ್ ಸಲ ಉತ್ರ ಕೊಟ್ಟಾದ್ಮೇಲೆ ಮತ್ತೆ ಕೊಡ್ಬೇಡಿ. ಪಕ್ಕದಲ್ಲಿ ಕೂತ್ಕೊಳಿ, ಸಾಕು."

ಕೇಳಲು ಎಷ್ಟು ಸುಲಭ. ಪ್ರೀತಿ ಎಂದು ಮಾಡುತ್ತಿದ್ದುದನ್ನು ನಿಲ್ಲಿಸುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಅತ್ತೆ ದೀನರಾಗಿ ಮುಖ ನೋಡುತ್ತ ಎರಡನೆಯ ಸಲ ಕೇಳಿದಾಗ ಬಾಯಿ ಬಿಗಿಹಿಡಿದು ಕೂರಬೇಕಿತ್ತು. ಶಿವುಗೆ ಆಗುತ್ತಿರಲಿಲ್ಲ, ಎದ್ದು ಹೊರಗೆ ಹೋಗುತ್ತಿದ್ದ. ಹೀಗಾಗಿ ಸ್ಕೂಟರಿನ ಮೇಲಿನ ನನ್ನ ಜಾಗ ಅವನ ಪಾಲಾಯಿತು.

ಡಾಕ್ಟರಮ್ಮ ಇನ್ನೊಂದು ಮಾತು ಕೇಳಿದ್ದರು. ಭಯ ಇಲ್ಲದಿದ್ದರೆ ಏನು ಮಾಡಲು ನಿಮಗೆ ಆಸೆ ಎಂದು. ಅತ್ತೆ ಯೋಚಿಸದೆ ಹೇಳಿದರು, ದೀಪಾವಳಿಗೆ ಎಲ್ಲರ ತಲೆಗೂ ಎಣ್ಣೆ ಇಡಬೇಕು ಎಂದು. ನಮ್ಮ ಕಡೆ ಹಬ್ಬದ ಬೆಳಿಗ್ಗೆ ಮನೆಯ ಹಿರಿಯ ಹೆಂಗಸು ಬೆಚ್ಚಗಿನ ಹರಳೆಣ್ಣೆಯನ್ನು ಒಬ್ಬೊಬ್ಬರ ನೆತ್ತಿಗೂ ತಟ್ಟಿ, ಆಮೇಲೆ ಹಂಡೆಯ ನೀರು ಹುಯ್ಯಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ಅತ್ತೆ ಅದನ್ನು ತಪ್ಪಿಸಿರಲಿಲ್ಲ. ಈ ಸಲ ತಪ್ಪಿದರೆ ಅವರು ಮತ್ತೆಂದೂ ನಮ್ಮ ಕಡೆಗೆ ಕೈ ಚಾಚಲಾರರು ಎಂದು ನನಗೆ ಭಯವಿತ್ತು. ಅವರಿಗೂ ಇತ್ತೆಂದು ಕಾಣುತ್ತದೆ.

ಇಳಿಯುವ ಉಪಾಯ ಮಾವನದು. ಮೇಲಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯಲು ಶುರುಮಾಡಿದರು. ಅತ್ತೆ ಕೆಳಗಿನ ಮೆಟ್ಟಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರುವರು. ಅವರು ಇವತ್ತು ಯಾವ ಕಂಬ, ಯಾವ ಬೀದಿ ಎಂದು ಹೇಳುವರು, ಇವರು ಏನು ಹುಳಿ ಎಂದು ಹೇಳುವರು. ಅತ್ತೆಗೆ ಆ ಜಾಗ ಒಗ್ಗಿತು ಎನ್ನಿಸಿದ ಮೇಲೆ ಮಾವ ಒಂದು ಮೆಟ್ಟಿಲು ಕೆಳಗೆ ಬರುವರು. ಕರೆಂಟ್ ಕೊಡುವಾಗಲೂ ಹೀಗೇ, ಒಂದೊಂದೇ ಲೈನ್ ಚಾರ್ಜ್ ಮಾಡಬೇಕು, ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ ಎನ್ನುತ್ತಿದ್ದರು. ಎದುರು ಮನೆಯ ಸಾವಿತ್ರಮ್ಮ ಕಿಟಕಿಯಿಂದ ನೋಡಿ, ಈ ವಯಸ್ಸಿನಲ್ಲಿ ಏನಮ್ಮ ಇದು ಹೊಸ ಜೋಡಿ ಹಾಗೆ ಎಂದು ರೇಗಿಸಿದರು. ಅತ್ತೆ ನಾಚಿದರು. ಎಷ್ಟೋ ದಿನದ ಮೇಲೆ ಅವರು ಬೇರೆ ಯಾವುದಕ್ಕೋ ನಾಚಿದ್ದು ನೋಡಿ ನನಗೆ ಖುಷಿಯಾಯಿತು.

ಎಲ್ಲವೂ ಇಳಿಜಾರಲ್ಲಿ ಉರುಳಿದಂತೆ ಆಗಲಿಲ್ಲ. ಲೇತ್ ಶೆಡ್ಡಿನ ಯಜಮಾನರು ಕೊರೊನಾದಲ್ಲೇ ತೀರಿಕೊಂಡರು. ನಿನ್ನೆ ಮೊನ್ನೆ ಗೇಟಿನ ಬಳಿ ನಿಂತು ಮಾತಾಡಿಸಿದ್ದವರು. ಅಂದು ನಲ್ಲಿ ಮತ್ತೆ ದಿನವಿಡೀ ಸುರಿಯಿತು, ಅರ್ಧದಷ್ಟು ಮೆಟ್ಟಿಲು ಇಳಿದಿದ್ದ ಮಾವ ಮತ್ತೆ ತುದಿಗೆ ಹೋಗಿ ಕೂತರು. ಅತ್ತೆಯ ಭಯ ಪೂರಾ ಸುಳ್ಳೂ ಅಲ್ಲವಲ್ಲ, ಅದೇ ನಮ್ಮನ್ನು ಕಂಗೆಡಿಸುತ್ತಿದ್ದುದು. ಡಾಕ್ಟರಮ್ಮನನ್ನು ಕೇಳಿದರೆ, ಎಚ್ಚರಿಕೆ ಬೇಕು, ಮಾಸ್ಕ್ ಬೇಕು, ಮನೆಗೆ ಬಂದವರು ಒಂದು ಸಲ ಕೈ ತೊಳೆಯಲಿ, ಅದಾದ ಮೇಲಿನದೆಲ್ಲ ಕಾಯಿಲೆ ಕೇಳುವ ಕಾಣಿಕೆ ಎಂದರು. ಮತ್ತೆ ಮೊದಲಿನಿಂದ ಇಳಿಯಲು ಶುರುಮಾಡಿದೆವು. ದೀಪಾವಳಿಯ ಹೊತ್ತಿಗೆ ಮಾವ ಕೊನೆಯ ಮೆಟ್ಟಿಲವರೆಗೆ ಬಂದಿದ್ದರು.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಅಲೆ ಬಂದು ಊರೇ ತತ್ತರಿಸಿದಾಗ ಅತ್ತೆ ಇನ್ನೊಮ್ಮೆ ಕುಗ್ಗಿದರು. ಈಗಲೂ ಮಾರ್ಕೆಟ್ಟಿನಿಂದ ಬಂದರೆ ಕೈ ತೊಳೆದು, ಒರೆಸಿಕೊಂಡು, ಇನ್ನೊಮ್ಮೆ ನಲ್ಲಿಯ ಕಡೆ ನೋಡುತ್ತಾರೆ. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ, ನೋಡ್ತಾ ಇದೀನಿ ಅಷ್ಟೇ ಕಣೇ, ನೋಡಬಾರದಾ ಎಂದು ದಬಾಯಿಸುತ್ತಾರೆ. ಆದರೆ ಮಾವ ಮಾತ್ರ ಮತ್ತೆ ಟೆರೇಸ್ ಹತ್ತಲಿಲ್ಲ. ಅದಕ್ಕೆ ಕಾರಣ ಮೊದಲ ವರ್ಷದ ಆ ದೀಪಾವಳಿ.

ಹಿಂದಿನ ದಿನ ನೀರು ತುಂಬುವ ಹಬ್ಬ. ಹಂಡೆ ತೊಳೆಯುವುದೇ ಆ ಹಬ್ಬದ ಕೆಲಸ. ಶಾಸ್ತ್ರವೇ ತೊಳೆ ಎಂದರೆ ಅತ್ತೆಯನ್ನು ತಡೆಯುವುದು ಹೇಗೆ ಎಂದು ನಾನು ಕಂಗಾಲಾಗಿದ್ದೆ. ಹಂಡೆ ಇದ್ದದ್ದು ಶೀಟಿನ ರೂಮಿನಲ್ಲಿ, ಅಷ್ಟು ತಿಂಗಳು ಮಾವ ಅದನ್ನು ಬೋರಲು ಹಾಕಿ ಟೀಪಾಯಿ ಮಾಡಿಕೊಂಡಿದ್ದರು. ಅದನ್ನು ಹೊತ್ತುಕೊಂಡು ಅವರೇ ಕೆಳಗಿಳಿದು ಅಂಗಳಕ್ಕೆ ಬಂದರು. ಅತ್ತೆ ಹುಣಸೆಹಣ್ಣು ಹಚ್ಚಿ ಉಜ್ಜಿದರು. ಥಳಥಳ ಎಂದಿತು. ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಸಿರಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಅತ್ತೆ ಹುಣಸೆಹಣ್ಣನ್ನು ಹಿಂಡಿ ಹಿಂಡಿ, ಕೊನೆಗೆ ಬಟ್ಟಲಿಗೆ ಹಾಕಿಬಿಟ್ಟರು. ಹಂಡೆಯ ಕೊರಳಿಗೆ ಸುಣ್ಣದ ಪಟ್ಟೆ ಬಳಿದು, ಹಾಗಲಬಳ್ಳಿ ಸುತ್ತಿ, ನೀರು ತುಂಬಿದೆವು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಅಂಗಳದಲ್ಲಿ ಮಣೆ ಹಾಕಿದೆವು. ಹರಳೆಣ್ಣೆ ಬೆಚ್ಚಗಾಗಿ ಬಟ್ಟಲಿನಿಂದ ಅದರ ವಾಸನೆ ಏಳುತ್ತಿತ್ತು. ಮೊದಲು ಸಿರಿ ಕೂತಳು. ಅತ್ತೆ ಉಸಿರು ಬಿಗಿಹಿಡಿದು ಬೆರಳ ತುದಿಯಲ್ಲಿ ಮುಟ್ಟಿದರು, ಆಮೇಲೆ ಅಂಗೈ ಇಟ್ಟರು. ಶಿವು ಆಯಿತು, ನಾನಾದೆ. ಬಿರಿದ ಅಂಗೈಯ ತರಿ ನನ್ನ ನೆತ್ತಿಗೆ ತಾಕಿದಾಗ ನನಗೆ ಅಳು ಬಂತು, ಎಣ್ಣೆ ಕಣ್ಣಿಗಿಳಿಯಿತು ಎಂದು ಸುಳ್ಳು ಹೇಳಿದೆ.

ಮಾವ ಬಂದು ಮಣೆಯ ಮೇಲೆ ಕೂತರು. ಅತ್ತೆಯ ಕೈ ಅವರ ತಲೆಯಿಂದ ಗೇಣುದ್ದ ಮೇಲೆ ನಿಂತುಬಿಟ್ಟಿತು. ಶಿವು ತಡೆಯಲಾರದೆ, ಶಾಸ್ತ್ರಕ್ಕೆ ಗರಿಕೆಯಲ್ಲಿ ಮುಟ್ಟಿಸಿದರೂ ಸಾಕಮ್ಮ ಎಂದ. ಅತ್ತೆ ತಟ್ಟೆಯಿಂದ ಗರಿಕೆ ತೆಗೆದುಕೊಂಡು ಎಣ್ಣೆಗೆ ಅದ್ದಿದರು. ಅದರಿಂದ ಹನಿ ಬೀಳುತ್ತಿರುವುದನ್ನೇ ನೋಡುತ್ತ ನಿಂತರು. ಪಕ್ಕದ ಮನೆಯಲ್ಲಿ ಪಟಾಕಿ ಹೊಡೆಯಿತು. ಮಾವ ತಿರುಗಿ ನೋಡಲಿಲ್ಲ, "ಎಣ್ಣೆ ಆರೋಗತ್ತೆ ಕಣೇ," ಎಂದಷ್ಟೇ ಅಂದರು. ಅತ್ತೆ ಗರಿಕೆಯನ್ನು ಬಟ್ಟಲಿಗೆ ಬಿಟ್ಟು, ಬೊಗಸೆಯಲ್ಲಿ ಎಣ್ಣೆ ತುಂಬಿಕೊಂಡು ಗಂಡನ ನೆತ್ತಿಗೆ ಸುರಿದರು. ಎರಡೂ ಕೈಯಿಂದ ತಟ್ಟಿದರು, ಕಿವಿಗೆ, ಕತ್ತಿಗೆ, ಭುಜಕ್ಕೆ ಸವರಿದರು. ಆಮೇಲೆ ಅವರ ಎರಡೂ ಕೈ ಹಿಡಿದು, ಅಂಗೈ ಹಿಂಗೈ ತಿರುಗಿಸಿ ನೋಡಿದರು. ಮಾವ ಅಳುತ್ತಿದ್ದರು.

ಸಿರಿ ಕೇಳಿದಳು, "ಅಜ್ಜಿ, ನಿಂಗ್ಯಾರು ಹಚ್ತಾರೆ?"

ಪ್ರತಿ ವರ್ಷ ಅತ್ತೆ ತಮ್ಮ ತಲೆಗೆ ತಾವೇ ಎಣ್ಣೆ ಹಚ್ಚಿಕೊಂಡು ಒಳಗೆ ಹೋಗುತ್ತಿದ್ದರು. ನಮಗೆ ಯಾರಿಗೂ ಆ ಪ್ರಶ್ನೆ ಬಂದದ್ದೇ ಇಲ್ಲ. ಅಷ್ಟು ತಿಂಗಳು ಅವರು ಯಾರನ್ನೂ ಮುಟ್ಟಲಿಲ್ಲ ಎಂದು ನಾವು ಕೊರಗಿದ್ದೆವು. ಅವರನ್ನೂ ಯಾರೂ ಮುಟ್ಟಿರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆಗಲೇ.

ಮಾವ ಮಣೆಯಿಂದ ಎದ್ದು, ಕೂತುಕೋ ಎಂದರು. ಗಂಡಸರು ಎಣ್ಣೆ ಇಡುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಅತ್ತಿತ್ತ ನೋಡಿ, ಸೆರಗು ಬಿಗಿದುಕೊಂಡು ಕೂತರು. ಮಾವ ಬಟ್ಟಲು ಎತ್ತಿಕೊಂಡು ಅವರ ಹಿಂದೆ ಬಂದು ನಿಂತರು. ಅತ್ತೆ ತಿರುಗದೆ ಕೇಳಿದರು.

"ಕೈ ತೊಳ್ಕೊಂಡ್ರಾ?"

"ಇಲ್ಲ ಕಣೇ," ಎಂದರು ಮಾವ.

ಅತ್ತೆ ಒಮ್ಮೆ ನಲ್ಲಿಯ ಕಡೆ ನೋಡಿದರು. ಆಮೇಲೆ ಜಡೆ ಬಿಚ್ಚಿ, ತಲೆ ಬಗ್ಗಿಸಿದರು.